ಬಟನ್ ಒತ್ತಿದರೆ ಕ್ಲಿಕ್ ಇಲ್ಲ, ಕ್ಲಿಕ್ ಆದರೆ ಫೋಕಸ್ ಇಲ್ಲ: ಶಟರ್ ಹೋಗಿದೆಯಾ?

ಮಸುಕುಚಿತ್ರ

ನಮಸ್ಕಾರ. ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ). ಜೊತೆಗೆ 18-55 ಕಿಟ್ ಲೆನ್ಸ್, ಒಂದು 50 ಮಿ.ಮೀ. ಎಫ್/1.8. ಇತ್ತೀಚೆಗೆ ಬಟನ್ ಪೂರ್ತಿ ಒತ್ತಿದರೂ ಕ್ಲಿಕ್ ಆಗೋದೇ ಇಲ್ಲ. ಎಲ್ಲ ಸಲ ಅಲ್ಲ, ಅದಕ್ಕೆ ಮನಸ್ಸು ಬಂದಾಗ. ಕೆಲವೊಮ್ಮೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಗುರ್ ಗುರ್ ಅಂತ ಓಡಾಡಿ ಸುಮ್ಮನಾಗತ್ತೆ. ಸಿಕ್ಕ ಫೋಟೋಗಳಲ್ಲೂ ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಶಾರ್ಪ್, ಕಣ್ಣು ಮಂಕು. ಸಾಲದ್ದಕ್ಕೆ ಮನೆಯೊಳಗೆ 1/1000, 1/2000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದರೆ ಫ್ರೇಮಿನ ಒಂದು ಕಡೆ ಕಪ್ಪು ಪಟ್ಟಿ.

ರಿಪೇರಿಯವರಿಗೆ ಫೋನಿನಲ್ಲಿ ಹೇಳಿದೆ. ಕ್ಯಾಮೆರಾ ನೋಡದೆಯೇ "ಶಟರ್ ಯೂನಿಟ್ ಹೋಗಿದೆ, ಬದಲಾಯಿಸಬೇಕು" ಅಂದುಬಿಟ್ಟರು. ಇಷ್ಟಕ್ಕೆಲ್ಲ ಶಟರ್ ಒಂದೇ ಕಾರಣವಾ?

ಎರಡನೇಪರದೆ

ಇಲ್ಲ. ನಾಲ್ಕು ಬೇರೆ ಬೇರೆ ದೂರುಗಳನ್ನು ನೀವು ಒಂದೇ ಗಂಟು ಕಟ್ಟಿ ಹೇಳಿದ್ದೀರಿ, ಅವರೂ ಒಂದೇ ಉತ್ತರ ಕೊಟ್ಟಿದ್ದಾರೆ. ಕ್ಲಿಕ್ ಆಗದಿರುವುದು, ಲೆನ್ಸ್ ಹುಡುಕಾಡುವುದು, ಫೋಕಸ್ ಬೇರೆ ಜಾಗಕ್ಕೆ ಬೀಳುವುದು, ಕಪ್ಪು ಪಟ್ಟಿ. ಇದರಲ್ಲಿ ಶಟರ್ ಮೇಲೆ ನೇರವಾಗಿ ಅನುಮಾನ ಪಡಬಹುದಾದದ್ದು ಪಟ್ಟಿಯ ವಿಷಯದಲ್ಲಿ ಮಾತ್ರ. ಅದೂ ಮನೆಯೊಳಗೆ ಮಾತ್ರ ಬರತ್ತೆ ಅಂತೀರಿ, ಹಾಗಾಗಿ ಅಲ್ಲೂ ನನಗೆ ನಂಬಿಕೆ ಇಲ್ಲ.

ಮೊದಲ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಲೆನ್ಸ್ ಪಕ್ಕದ ಸ್ವಿಚ್ಚನ್ನು ಎಎಫ್‌ನಿಂದ (ಆಟೋಫೋಕಸ್) ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ತಳ್ಳಿ. ಸ್ವಿಚ್ ಇಲ್ಲದ ಲೆನ್ಸಾದರೆ ಮೆನುವಿನಲ್ಲಿ ಮ್ಯಾನುಯಲ್ ಫೋಕಸ್ ಆರಿಸಿ. ಶಟರ್ ವೇಗ 1/125ಕ್ಕೆ ಇಟ್ಟು ಬಿಡುವು ಕೊಟ್ಟು ಕೊಟ್ಟು ಒತ್ತುತ್ತಾ ಹೋಗಿ. ಒಂದೂ ತಪ್ಪದೆ ಕ್ಲಿಕ್ ಆದರೆ ನಿಮ್ಮ ಶಟರ್ ಕೆಲಸ ಮಾಡ್ತಿದೆ, ಆಟೋಫೋಕಸ್ ಅದಕ್ಕೆ ಅಪ್ಪಣೆ ಕೊಡ್ತಿಲ್ಲ ಎಂದರ್ಥ. ಕ್ಯಾನನ್‌ನಲ್ಲಿ ಒನ್ ಶಾಟ್, ನಿಕಾನ್‌ನಲ್ಲಿ ಎಎಫ್-ಎಸ್ ಎಂದು ಕರೆಯುವ ಮೋಡ್‌ನಲ್ಲಿ ಸಾಮಾನ್ಯವಾಗಿ ಫೋಕಸ್ ಖಾತ್ರಿಯಾಗುವ ತನಕ ಕ್ಯಾಮೆರಾ ಶಟರ್ ಬಿಡುವುದೇ ಇಲ್ಲ. ಅದು ದೋಷ ಅಲ್ಲ, ಹಾಗೇ ಮಾಡಿರುವುದು.

ಎಂಎಫ್‌ನಲ್ಲೂ ತಪ್ಪುತ್ತಿದ್ದರೆ ಬಂದು ಹೇಳಿ. ಆಗ ಬೇರೆ ದಾರಿ.

ಬೆಳಕುಬೇಟೆ

ಬ್ಯಾಟರಿ ಫುಲ್ ಚಾರ್ಜ್ ಮಾಡಿ ಸ್ವಾಮಿ, ಮೊದಲು ಅದು.

ತಿರುಪುಮೊಳೆ

ಬೆಳಕುಬೇಟೆಯವರ ಮಾತು ತಮಾಷೆ ಅಲ್ಲ. ಕನ್ನಡಿ ಎತ್ತಿ, ಶಟರ್ ಹಾರಿಸಿ, ಮತ್ತೆ ಸ್ಪ್ರಿಂಗ್ ಬಿಗಿಮಾಡುವ ಕೆಲಸ ಒಂದು ಪುಟ್ಟ ಮೋಟಾರಿನದು. ಆ ಕ್ಷಣಕ್ಕೆ ಅದು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯತ್ತೆ. ಹಳೆಯ ಬ್ಯಾಟರಿ ಸುಮ್ಮನಿದ್ದಾಗ ಎರಡು ಗೆರೆ ತೋರಿಸತ್ತೆ, ಭಾರ ಬಿದ್ದ ತಕ್ಷಣ ವೋಲ್ಟೇಜ್ ಕುಸಿಯತ್ತೆ, ಕ್ಯಾಮೆರಾ ಅರ್ಧದಲ್ಲಿ ನಿಲ್ಲತ್ತೆ. ಚಳಿಯಲ್ಲಿ ಇನ್ನೂ ಜಾಸ್ತಿ. ಕನ್ನಡಿ ಮೇಲೇ ಸಿಕ್ಕಿಹಾಕಿಕೊಂಡಿದೆ ಅಂತ ನನ್ನ ಮೇಜಿಗೆ ಬರುವ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಒಳ್ಳೆಯ ಬ್ಯಾಟರಿ ಹಾಕಿ ಆನ್ ಮಾಡಿದರೆ ಸಾಕು, ಕನ್ನಡಿ ಟಪ್ ಅಂತ ಕೆಳಗೆ ಬೀಳತ್ತೆ. ಬ್ಯಾಟರಿಯ ಹಿತ್ತಾಳೆ ಬಣ್ಣದ ಕಾಂಟ್ಯಾಕ್ಟ್‌ಗಳನ್ನೂ ಒಣಬಟ್ಟೆಯಲ್ಲಿ ಒರೆಸಿ.

ತ್ರಿಪಾದಿ

ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಹಿಂದಿನ ಯಜಮಾನರು ಏನೇನು ಸೆಟಿಂಗ್ ಮಾಡಿಟ್ಟಿದ್ದಾರೋ ದೇವರಿಗೇ ಗೊತ್ತು. ಬ್ಯಾಕ್ ಬಟನ್ ಫೋಕಸ್ ಹಾಕಿದ್ದರೆ ಶಟರ್ ಬಟನ್ ಅರ್ಧ ಒತ್ತಿದರೂ ಫೋಕಸ್ ಆಗಲ್ಲ, ಹಿಂದಿರುವ ಎಎಫ್-ಆನ್ ಬಟನ್ನನ್ನೇ ಒತ್ತಬೇಕು. ಮಿರರ್ ಲಾಕಪ್ ಆನ್ ಇದ್ದರೆ ಮೊದಲ ಒತ್ತಿಗೆ ಕನ್ನಡಿ ಮಾತ್ರ ಏಳತ್ತೆ, ಎರಡನೇ ಒತ್ತಿಗೆ ಫೋಟೋ. ಸೆಲ್ಫ್ ಟೈಮರ್ ಅಥವಾ ರಿಮೋಟ್ ಮೋಡ್‌ನಲ್ಲಿ ಇದ್ದರೆ ಇನ್ನೊಂದು ಕಥೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ 30 ಸೆಕೆಂಡಿನ ಫೋಟೋ ಆದ ಮೇಲೆ ಸುಮಾರು ಇನ್ನೊಂದು 30 ಸೆಕೆಂಡ್ ಕ್ಯಾಮೆರಾ ತನ್ನ ಪಾಡಿಗೆ ಕಪ್ಪು ಫ್ರೇಮ್ ತೆಗೆದುಕೊಳ್ತಾ ಕೂತಿರತ್ತೆ. ಹ್ಯಾಂಗ್ ಆಯ್ತು ಅಂತ ಬ್ಯಾಟರಿ ಕಿತ್ತವರು ಬೇಕಾದಷ್ಟು ಜನ ಇದ್ದಾರೆ.

ಮೆನುವಿನಲ್ಲಿ ಎಲ್ಲ ಸೆಟಿಂಗ್ ರಿಸೆಟ್ ಮಾಡಿ. ಕಸ್ಟಮ್ ಫಂಕ್ಷನ್‌ಗಳಿಗೆ ಎಷ್ಟೋ ಕ್ಯಾಮೆರಾಗಳಲ್ಲಿ ಬೇರೆಯೇ ರಿಸೆಟ್ ಇರತ್ತೆ, ಅದನ್ನೂ ಮಾಡಿ.

ಮಸುಕುಚಿತ್ರ

ಎಲ್ಲ ಮಾಡಿದೆ. ಹೊಸ ಬ್ಯಾಟರಿ, ಎರಡೂ ರಿಸೆಟ್. ಬ್ಯಾಕ್ ಬಟನ್ ಎಲ್ಲ ಇರಲಿಲ್ಲ.

ಎಂಎಫ್‌ನಲ್ಲಿ ಬಹಳ ಮಟ್ಟಿಗೆ ಕ್ಲಿಕ್ ಆಗತ್ತೆ. ಆದರೆ ಆಗೊಮ್ಮೆ ಈಗೊಮ್ಮೆ ಅಲ್ಲೂ ಕೈಕೊಡತ್ತೆ. ಆ ಹೊತ್ತಿನಲ್ಲಿ ವ್ಯೂಫೈಂಡರ್‌ನಲ್ಲಿ ಅಂಕಿಗಳೆಲ್ಲ ಬೆಳಗಿರುತ್ತವೆ, ಅಂದರೆ ಅರ್ಧ ಒತ್ತಿದ್ದು ಅದಕ್ಕೆ ಗೊತ್ತಾಗಿದೆ. ಪೂರ್ತಿ ಒತ್ತಿದ್ದು ಮಾತ್ರ ಗೊತ್ತಾಗಲ್ಲ. ಬೆರಳಿಂದ ಸ್ವಲ್ಪ ಬಲಗಡೆಗೆ ಒತ್ತಿ ಹಿಡಿದರೆ ಕ್ಲಿಕ್ ಆಗತ್ತೆ. ಎರರ್ ಸಂದೇಶ ಯಾವುದೂ ಬಂದಿಲ್ಲ.

ಎರಡನೇಪರದೆ

"ಬಲಗಡೆಗೆ ಒತ್ತಿ ಹಿಡಿದರೆ" ಅನ್ನೋ ಮಾತು ಇಡೀ ವಿವರಣೆಗಿಂತ ಹೆಚ್ಚು ಹೇಳ್ತು.

ಆ ಬಟನ್ ಒಳಗೆ ಎರಡು ಹಂತದ ಸ್ವಿಚ್ ಇರತ್ತೆ. ತೆಳುವಾದ ಲೋಹದ ಎಲೆಗಳು ಒಂದರ ಮೇಲೊಂದು. ಅರ್ಧ ಒತ್ತಿದಾಗ ಮೊದಲ ಜೋಡಿ ತಾಗತ್ತೆ, ಮೀಟರಿಂಗ್ ಮತ್ತು ಎಎಫ್ ಎಚ್ಚರಾಗುತ್ತವೆ. ಪೂರ್ತಿ ಒತ್ತಿದಾಗ ಎರಡನೇ ಜೋಡಿ ತಾಗತ್ತೆ, ಆಗಲೇ ಶಟರ್‌ಗೆ ಆಜ್ಞೆ ಹೋಗೋದು. ಬೆವರು, ತೇವ, ದೂಳು ಸೇರಿ ಈ ಎರಡನೇ ಜೋಡಿಗೆ ಕಿಲುಬು ಹಿಡಿದರೆ ನೀವು ಹೇಳಿದ್ದೇ ಆಗೋದು: ಮೊದಲ ಹಂತ ಸರಿ, ಎರಡನೆಯದು ಮೂಡ್ ನೋಡಿಕೊಂಡು. ಓರೆಯಾಗಿ ಒತ್ತಿದಾಗ ಎಲೆ ಬೇರೆ ಜಾಗದಲ್ಲಿ ತಾಗಿ ಕೆಲಸ ಮಾಡತ್ತೆ.

ಖಚಿತ ಮಾಡಿಕೊಳ್ಳೋಕೆ ಬಟನ್ನನ್ನು ಮುಟ್ಟದೆ ಕ್ಲಿಕ್ ಮಾಡಿ ನೋಡಿ. ಕೇಬಲ್ ರಿಲೀಸ್, ಮೊಬೈಲ್ ಆ್ಯಪ್, ಅಥವಾ ಟಚ್ ಸ್ಕ್ರೀನ್ ಇದ್ದರೆ ಟಚ್ ಶಟರ್. ಹಾಗೆ ತೆಗೆದಾಗ ಒಂದೂ ತಪ್ಪದಿದ್ದರೆ ಶಟರ್ ಯೂನಿಟ್ ನಿರಪರಾಧಿ. ಬಟನ್ ಬದಲಾಯಿಸೋದಕ್ಕೂ ಶಟರ್ ಬದಲಾಯಿಸೋದಕ್ಕೂ ಅಜಗಜಾಂತರ: ಬಟನ್‌ಗೆ ಮೇಲಿನ ಮುಚ್ಚಳ ತೆಗೆದರೆ ಸಾಕು, ಶಟರ್‌ಗೆ ಕನ್ನಡಿಪೆಟ್ಟಿಗೆಯನ್ನೇ ಹೊರಗೆ ತೆಗೆಯಬೇಕು.

ಕೈಗೆಸಿಕ್ಕಿದ್ದು

ನಾನು ಬಟನ್ ಸುತ್ತಲಿನ ಸಂದಿಗೆ ಡಬ್ಲ್ಯೂಡಿ-40 ಒಂದು ಚೂರು ಬಿಟ್ಟಿದ್ದೆ. ಆವತ್ತಿಂದ ಬೆಣ್ಣೆ ಥರ ಕೆಲಸ ಮಾಡ್ತಿದೆ.

ತಿರುಪುಮೊಳೆ

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಅದು ಆರಿಹೋದ ಮೇಲೂ ಎಣ್ಣೆಯ ಪದರ ಉಳಿಸತ್ತೆ. ಆ ಪದರ ತೆವಳಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಶಟರ್ ಪರದೆ ಅಂದರೆ ಒಂದರ ಮೇಲೊಂದು ಜಾರುವ, ಎಣ್ಣೆ ಹಚ್ಚದೆ ಓಡುವ ತೆಳು ಎಲೆಗಳು. ಅವುಗಳ ನಡುವೆ ಒಂದು ಹನಿ ಎಣ್ಣೆ ಸೇರಿದರೆ ಎಲೆ ಎಲೆಗೆ ಅಂಟಿಕೊಂಡು ವೇಗ ಕೆಡತ್ತೆ. ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಲೆಗಳಿಗೂ ಇದೇ ಗತಿ. ಬಟನ್ ರಿಪೇರಿಗೆ ಬರಬೇಕಿದ್ದ ಕ್ಯಾಮೆರಾ ಶಟರ್ ರಿಪೇರಿಗೆ ಬರತ್ತೆ.

ಬ್ಯಾಟರಿ ತೆಗೆದು ಬಟನ್ನನ್ನು ನೂರಾರು ಸಲ ಪಟಪಟ ಒತ್ತಿದರೆ ಕಿಲುಬು ಸ್ವಲ್ಪ ಉಜ್ಜಿಹೋಗಿ ಕೆಲವು ದಿನ ತಳ್ಳಬಹುದು. ಅಷ್ಟೇ. ಮುಚ್ಚಳ ತೆಗೆಯುವ ಸಾಹಸ ಮಾತ್ರ ಬೇಡ. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾಗಳಲ್ಲಿ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರತ್ತೆ, ಬ್ಯಾಟರಿ ತೆಗೆದ ಮೇಲೂ. ಅದು ಇರೋದು ಎಷ್ಟೋ ಮಾಡೆಲ್‌ಗಳಲ್ಲಿ ನೀವು ತಿರುಪು ಬಿಚ್ಚುವ ಜಾಗದ ಪಕ್ಕದಲ್ಲೇ. ಒಮ್ಮೆ ಹೊಡೆಸಿಕೊಂಡವರು ಮತ್ತೆ ಬಿಚ್ಚಲ್ಲ.

ಕೈಗೆಸಿಕ್ಕಿದ್ದು

ನನ್ನದು ಇವತ್ತಿಗೂ ಚೆನ್ನಾಗೇ ಇದೆ 🙂

ತಿರುಪುಮೊಳೆ

ಇರಲಿ, ಹಾಗೇ ಇರಲಿ.

ಎರಡನೇಪರದೆ

ಈಗ ಕಪ್ಪು ಪಟ್ಟಿಗೆ ಬರೋಣ. ಇದನ್ನು ಸ್ವಲ್ಪ ಉದ್ದ ಬರೀತೀನಿ, ಯಾಕೆಂದರೆ ಜನ ಸುಮ್ಮಸುಮ್ಮನೆ ಶಟರ್ ಬದಲಾಯಿಸೋದು ಇದರಿಂದಲೇ.

ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಎರಡು ಪರದೆಗಳು, ಅದೇ ಶಟರ್. ಮೊದಲನೆಯದು ಸರಿದು ಸೆನ್ಸರನ್ನು ತೆರೆಯತ್ತೆ, ಎರಡನೆಯದು ಹಿಂದೆಯೇ ಬಂದು ಮುಚ್ಚತ್ತೆ. ಒಂದೊಂದು ಪರದೆಯೂ ಈ ತುದಿಯಿಂದ ಆ ತುದಿಗೆ ಹೋಗೋಕೆ ಸುಮಾರು 3ರಿಂದ 4 ಮಿಲಿಸೆಕೆಂಡ್ ತಗೊಳ್ಳತ್ತೆ. 1/125ರಲ್ಲಿ ತೆಗೆದರೆ 8 ಮಿಲಿಸೆಕೆಂಡ್ ಸಮಯ ಇದೆ, ಹಾಗಾಗಿ ಮೊದಲ ಪರದೆ ಪೂರ್ತಿ ಸರಿದು ಸೆನ್ಸರ್ ಇಡಿಯಾಗಿ ತೆರೆದ ಮೇಲೆ ಎರಡನೆಯದು ಹೊರಡತ್ತೆ. 1/4000ದಲ್ಲಿ ಇರೋದು ಕಾಲು ಮಿಲಿಸೆಕೆಂಡ್. ಮೊದಲನೆಯದು ಇನ್ನೂ ದಾರಿಯಲ್ಲಿ ಇರುವಾಗಲೇ ಎರಡನೆಯದು ಬೆನ್ನಿಗೇ ಹೊರಡಬೇಕು. ನಡುವೆ ಉಳಿಯೋದು ಒಂದು ಸಣ್ಣ ಸೀಳು. 24 ಮಿ.ಮೀ. ಎತ್ತರದ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಆ ಸೀಳು ಸುಮಾರು 2 ಮಿ.ಮೀ. ಅಗಲ. ಅದು ಮೇಲಿಂದ ಕೆಳಗೆ ಸಾಗುತ್ತಾ ಫೋಟೋ ಬರೀತಾ ಹೋಗತ್ತೆ. ಪರದೆಗಳಲ್ಲಿ ಒಂದು ದಾರಿಯಲ್ಲಿ ಚೂರು ತಡವರಿಸಿದರೂ ಸೀಳಿನ ಅಗಲ ಬದಲಾಗಿ, ಫ್ರೇಮಿನ ಒಂದು ಭಾಗ ಕಪ್ಪಾಗತ್ತೆ ಅಥವಾ ಬೆಳ್ಳಗಾಗತ್ತೆ. ಶಟರ್ ನಿಜಕ್ಕೂ ಸುಸ್ತಾಗಿದ್ದರೆ ಅದು ಗೊತ್ತಾಗೋದು ಹೀಗೆ, ಅತಿ ವೇಗದಲ್ಲೇ ಮೊದಲು.

ಆದರೆ ಮನೆಯೊಳಗಿನ ಎಲ್ಇಡಿ, ಟ್ಯೂಬ್‌ಲೈಟ್‌ಗಳೂ ಇಂಥದ್ದೇ ಪಟ್ಟಿ ಕೊಡುತ್ತವೆ. 50 ಹರ್ಟ್ಜ್ ಕರೆಂಟಿನಲ್ಲಿ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕತ್ತೆ, 60 ಹರ್ಟ್ಜ್ ಇರುವ ದೇಶಗಳಲ್ಲಿ 120 ಸಲ. ಒಂದು ಮಿಣುಕಿಗೆ 10 ಮಿಲಿಸೆಕೆಂಡ್. ಸೀಳು ಸೆನ್ಸರ್ ದಾಟುವ ಆ 3-4 ಮಿಲಿಸೆಕೆಂಡಿನಲ್ಲಿ ದೀಪ ಏರುತ್ತಲೋ ಇಳಿಯುತ್ತಲೋ ಇರತ್ತೆ. ಹಾಗಾಗಿ ಮೇಲೆ ಬೆಳಕು, ಕೆಳಗೆ ಕತ್ತಲೆ. ಮುಂದಿನ ಫ್ರೇಮಿನಲ್ಲಿ ತಿರುಗುಮುರುಗು. ಮೂರನೆಯದರಲ್ಲಿ ಏನೂ ಇಲ್ಲ. ಬಣ್ಣವೂ ಹಳದಿಗೋ ನೀಲಿಗೋ ವಾಲಬಹುದು.

ಬೇರ್ಪಡಿಸೋದು ಹೀಗೆ. ಬಿಸಿಲಿನಲ್ಲಿ ಬಿಳಿ ಗೋಡೆ ಅಥವಾ ಮೋಡವಿಲ್ಲದ ಆಕಾಶ, ಮ್ಯಾನುಯಲ್ ಫೋಕಸ್, ಬೇಕೆಂದೇ ಮಸುಕು ಮಾಡಿಕೊಳ್ಳಿ. ಅಪರ್ಚರ್ ಎಫ್/11 ಆಸುಪಾಸು ಒಂದೇ ಇರಲಿ, 1/250ರಿಂದ ಕ್ಯಾಮೆರಾದ ಗರಿಷ್ಠ ವೇಗದ ತನಕ ಒಂದೊಂದರಲ್ಲೂ ಕೆಲವು ಫೋಟೋ ತೆಗೆಯಿರಿ, ಐಎಸ್‌ಒ (ಸೆನ್ಸರಿನ ಸಂವೇದನೆಯ ಅಂಕಿ) ಬದಲಾಯಿಸಿ ಎಕ್ಸ್‌ಪೋಷರ್ ಸರಿದೂಗಿಸಿ. ದೊಡ್ಡದು ಮಾಡಿ ನೋಡಬೇಡಿ. ಥಂಬ್‌ನೇಲ್‌ಗಳ ಸಾಲಿನಲ್ಲೇ ಚೆನ್ನಾಗಿ ಕಾಣೋದು. ಪಟ್ಟಿ ಬಂದರೆ, ಅದೂ ಪ್ರತಿ ಸಲ ಫ್ರೇಮಿನ ಅದೇ ಅಂಚಿನಲ್ಲಿ ಬಂದರೆ, ಪರದೆ ದೋಷ. ಜಾಗ ಬದಲಾಯಿಸುತ್ತಾ ಮನೆಯೊಳಗೆ ಮಾತ್ರ ಬಂದರೆ ದೀಪದ ದೋಷ. ನಾಲ್ಕೂ ಮೂಲೆ ಸಮನಾಗಿ ಕಪ್ಪಾದರೆ ಅದು ಲೆನ್ಸಿನ ವಿನ್ಯೆಟಿಂಗ್, ಯಾರ ತಪ್ಪೂ ಅಲ್ಲ. ಫ್ಲ್ಯಾಶ್ ಹಾಕಿದಾಗ ಮಾತ್ರ ಅರ್ಧ ಫ್ರೇಮ್ ಕಪ್ಪಾದರೆ ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ, ಮೀರಿದ್ದೀರಿ. ಬಹಳ ಡಿಎಸ್‌ಎಲ್‌ಆರ್‌ಗಳಲ್ಲಿ ಅದು 1/200 ಅಥವಾ 1/250.

ಮಸುಕುಚಿತ್ರ

ಹೊರಗೆ ತೆಗೆದ ಒಂದರಲ್ಲೂ ಪಟ್ಟಿ ಇಲ್ಲ. 1/4000ದಲ್ಲೂ ಇಲ್ಲ. ಒಳಗೆ ಬಂದು ಅದೇ ದೀಪದ ಕೆಳಗೆ 1/100ಕ್ಕೆ ಇಳಿಸಿದರೆ ಅಲ್ಲೂ ಮಾಯ. ಮೊಬೈಲ್ ಆ್ಯಪ್‌ನಿಂದ ಕ್ಲಿಕ್ ಮಾಡಿದರೆ ಒಂದೂ ತಪ್ಪಲಿಲ್ಲ.

ಶಟರ್ ಯೂನಿಟ್ ಬದಲಾಯಿಸಿ ಅಂದವರಿಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ನಿಧಾನಶಟರ್

ನಿಜವಾಗಿ ಶಟರ್ ಹೋದರೆ ಹೇಗಿರತ್ತೆ ಅಂತ ನಾನು ಹೇಳ್ತೀನಿ, ಹೋಲಿಸಿ ನೋಡೋಕೆ ಯಾರಿಗಾದರೂ ಬೇಕಾದೀತು. ನನ್ನದರಲ್ಲಿ ಮೊದಲು 1/3200 ಮೇಲೆ ಮಾತ್ರ ಕೆಳಗಿನ ಅಂಚು ಕಪ್ಪಾಗ್ತಿತ್ತು, ಬಿಸಿಲಲ್ಲೂ. ಕ್ರಮೇಣ 1/1000ಕ್ಕೂ ಇಳೀತು. ಆಮೇಲೆ ಒಂದು ದಿನ ಕ್ಲಿಕ್ ಶಬ್ದವೇ ಬದಲಾಯ್ತು, ಟಕ್ ಅನ್ನೋ ಬದಲು ಚರಕ್ ಅಂತ. ಕ್ಯಾಮೆರಾದ ಸ್ಕ್ರೀನ್ ಮೇಲೆ ಎರರ್. ಲೆನ್ಸ್ ತೆಗೆದು ಕನ್ನಡಿ ಎತ್ತಿ ನೋಡಿದರೆ ಒಂದು ಎಲೆ ತನ್ನ ಕಾಲುವೆಯಿಂದ ಹೊರಗೆ ಬಂದು ಓರೆಯಾಗಿ ನಿಂತಿತ್ತು, ಮೂಲೆ ಮಡಚಿಕೊಂಡು. ಅದನ್ನು ನೋಡಿದ ಮೇಲೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ.

ಅಂದಹಾಗೆ ಶಟರ್ ಕೌಂಟ್ (ಇಲ್ಲಿಯತನಕ ಶಟರ್ ಎಷ್ಟು ಸಲ ಹಾರಿದೆ ಅನ್ನೋ ಲೆಕ್ಕ) ಎಷ್ಟಿದ್ದರೆ ಭಯ ಪಡಬೇಕು? ನನ್ನದು ಕಂಪನಿ ಹೇಳಿದ ಅಂಕಿಗಿಂತ ಸಾಕಷ್ಟು ಮುಂಚೆಯೇ ಹೋಯ್ತು.

ತ್ರಿಪಾದಿ

ಕಂಪನಿ ಹೇಳೋ 1 ಲಕ್ಷ, 1.5 ಲಕ್ಷ, 2 ಲಕ್ಷ ಅನ್ನೋದು ಪರೀಕ್ಷೆಯ ಅಂಕಿ, ಎಕ್ಸ್‌ಪೈರಿ ಡೇಟ್ ಅಲ್ಲ. ವೃತ್ತಿಪರರ ದೊಡ್ಡ ಕ್ಯಾಮೆರಾಗಳಿಗೆ 4 ಲಕ್ಷ ಅಂತಾರೆ. ಅರ್ಧಕ್ಕೇ ಕೈಕೊಟ್ಟವೂ ಇವೆ, ದುಪ್ಪಟ್ಟು ಓಡಿದವೂ ಇವೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ತಂತ್ರಾಂಶದಲ್ಲಿ ನಿಕಾನ್, ಪೆಂಟಾಕ್ಸ್ ಫೈಲ್ ಹಾಕಿದರೆ ಕೌಂಟ್ ಸಿಗತ್ತೆ. ಕ್ಯಾನನ್‌ನ ಬಹಳಷ್ಟು ಮಾಡೆಲ್‌ಗಳು ಅದನ್ನು ಫೋಟೋ ಫೈಲಿನಲ್ಲಿ ಬರೆಯಲ್ಲ. ಫೈಲ್ ಹೆಸರಿನ ಸಂಖ್ಯೆ ನೋಡಿ ಲೆಕ್ಕ ಹಾಕೋರು ಇದ್ದಾರೆ, ಅದು 9999 ಆದ ಮೇಲೆ ಮತ್ತೆ ಮೊದಲಿಂದ ಶುರುವಾಗತ್ತೆ, ನಂಬಬೇಡಿ.

ಕೌಂಟ್‌ಗಿಂತ ನನಗೆ ಭಯ ಸೆನ್ಸರ್ ಕ್ಲೀನ್ ಮಾಡುವವರದು. ಡಿಎಸ್‌ಎಲ್‌ಆರ್‌ನಲ್ಲಿ ಕ್ಲೀನಿಂಗ್ ಮೋಡ್ ಹಾಕಿದಾಗ ಕನ್ನಡಿಯನ್ನೂ ಪರದೆಯನ್ನೂ ಬ್ಯಾಟರಿಯೇ ಹಿಡಿದಿರತ್ತೆ. ನಡುವೆ ಚಾರ್ಜ್ ಮುಗಿದರೆ ಸ್ವ್ಯಾಬ್ ಒಳಗಿರುವಾಗಲೇ ಪರದೆ ಬಂದು ಮುಚ್ಚತ್ತೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಅಷ್ಟೇ ಅಪಾಯ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಬಿಟ್ಟು ಬೇರೇನೂ ಬೇಡ.

ಹೊಸನೋಟ

ಇದಕ್ಕೇ ಹೇಳೋದು ಮಿರರ್‌ಲೆಸ್ ತಗೊಳ್ಳಿ ಅಂತ. ಕನ್ನಡಿ ಇಲ್ಲ, ಫೋಕಸ್ ವಸ್ತುವಿನ ಮುಂದೆ ಬೀಳುವ ಫ್ರಂಟ್ ಫೋಕಸ್ ಇಲ್ಲ, ಹಿಂದೆ ಬೀಳುವ ಬ್ಯಾಕ್ ಫೋಕಸ್ ಇಲ್ಲ. 2021ರ ನಿಕಾನ್ ಝಡ್9ರಲ್ಲಂತೂ ಯಾಂತ್ರಿಕ ಶಟರ್ರೇ ಇಲ್ಲ. ಕೆಡೋಕೆ ಏನಿದೆ?

ಎರಡನೇಪರದೆ

ಝಡ್9ರ ಸೆನ್ಸರ್ ಅಷ್ಟು ಬೇಗ ಓದಿ ಮುಗಿಸತ್ತೆ, ಅದಕ್ಕೇ ಶಟರ್ ತೆಗೆದುಹಾಕುವ ಧೈರ್ಯ ಮಾಡಿದರು. 2023ರಲ್ಲಿ ಘೋಷಣೆಯಾದ ಸೋನಿ ಎ9 ಮಾರ್ಕ್ 3 ಇನ್ನೂ ಮುಂದೆ ಹೋಗಿ ಗ್ಲೋಬಲ್ ಶಟರ್ ಕೊಟ್ಟಿತು, ಇಡೀ ಸೆನ್ಸರನ್ನು ಒಂದೇ ಕ್ಷಣಕ್ಕೆ ಸೆರೆಹಿಡಿಯತ್ತೆ. ನಮ್ಮನಿಮ್ಮ ಕೈಯಲ್ಲಿರುವ ಸಾಧಾರಣ ಮಿರರ್‌ಲೆಸ್ ಹಾಗಲ್ಲ. ಯಾಂತ್ರಿಕ ಶಟರ್ ಬಳಸದ ಸೈಲೆಂಟ್ ಮೋಡ್ ಹಾಕಿ ಅದೇ ಎಲ್ಇಡಿ ಕೆಳಗೆ ತೆಗೆಯಿರಿ, ಒಂದರ ಬದಲು ಏಳೆಂಟು ಪಟ್ಟಿ ಬಂದರೂ ಬಂದೀತು. ಸೆನ್ಸರ್ ಸಾಲುಸಾಲಾಗಿ ನಿಧಾನಕ್ಕೆ ಓದುವುದರಿಂದ ಅಷ್ಟರಲ್ಲಿ ದೀಪ ಹಲವು ಸಲ ಮಿಣುಕಿರತ್ತೆ. ವೇಗವಾಗಿ ಓಡುವ ವಾಹನ ಓರೆಯಾಗಿ ಕಾಣೋದೂ ಇದರಿಂದಲೇ.

ಇಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಮೋಡ್) ಹಾಕಿ ಎಫ್/1.4ರಲ್ಲಿ 1/4000 ತೆಗೆದರೆ ಹಿನ್ನೆಲೆಯ ಬೆಳಕಿನ ವೃತ್ತಗಳು ಅರ್ಧ ಕತ್ತರಿಸಿದಂತೆ ಕಾಣಬಹುದು. ಅದನ್ನೂ ಶಟರ್ ದೋಷ ಅಂತ ತಿಳಿದುಕೊಂಡವರು ಇದ್ದಾರೆ. ಪೂರ್ತಿ ಯಾಂತ್ರಿಕ ಶಟರ್‌ಗೆ ಬದಲಾಯಿಸಿದರೆ ಸರಿಹೋಗತ್ತೆ.

ಫೋಕಸ್ ವಿಚಾರದಲ್ಲಿ ಮಾತ್ರ ನಿಮ್ಮ ಮಾತು ಬಹುಪಾಲು ನಿಜ. ಸೆನ್ಸರೇ ಫೋಕಸ್ ಅಳೆಯುವುದರಿಂದ ಅಳತೆಗೂ ಚಿತ್ರಕ್ಕೂ ನಡುವೆ ವ್ಯತ್ಯಾಸ ಬರೋಕೆ ಜಾಗವೇ ಕಡಿಮೆ. ಆದರೂ ಸೆನ್ಸರ್ ಮೇಲಿನ ಫೇಸ್ ಡಿಟೆಕ್ಷನ್ (phase, ಫೋಕಸ್ ಅಳೆಯುವ ವಿಧಾನ; ಮುಖ ಗುರುತಿಸೋದಲ್ಲ) ಬಹಳಷ್ಟು ಮಾಡೆಲ್‌ಗಳಲ್ಲಿ ಲಂಬ ಗೆರೆಗಳನ್ನಷ್ಟೇ ಚೆನ್ನಾಗಿ ಹಿಡಿಯತ್ತೆ. ಅಡ್ಡಪಟ್ಟಿಗಳ ಕಿಟಕಿ ಪರದೆಗೆ ಫೋಕಸ್ ಮಾಡಿ ನೋಡಿ, ತಡಕಾಡತ್ತೆ. ಕ್ಯಾಮೆರಾ ಸ್ವಲ್ಪ ಓರೆ ಹಿಡಿದರೆ ಥಟ್ಟನೆ ಸಿಗತ್ತೆ.

ಮಸುಕುಚಿತ್ರ

ನನ್ನ ಕಿವಿ-ಕಣ್ಣಿನ ಸಮಸ್ಯೆ ಬಾಕಿ ಇದೆ. ಕಿಟ್ ಲೆನ್ಸಿನಲ್ಲಿ ಹುಡುಕಾಟ, 50ರಲ್ಲಿ ತಪ್ಪು ಜಾಗ. ಎರಡಕ್ಕೂ ಸಂಬಂಧ ಇದೆಯಾ?

ಎರಡನೇಪರದೆ

ಇರಲಿಕ್ಕಿಲ್ಲ. ಒಂದೊಂದಾಗಿ ನೋಡೋಣ.

ಹುಡುಕಾಟ ಅಂದರೆ ಕ್ಯಾಮೆರಾಗೆ ಹಿಡಿಯೋಕೆ ಏನೂ ಸಿಗ್ತಿಲ್ಲ ಅಂತ. ಬೆಳಕು ಸಾಲದು, ಗೋಡೆ ಬೋಳು, ಅಥವಾ ವಸ್ತು ಲೆನ್ಸಿನ ಕನಿಷ್ಠ ದೂರಕ್ಕಿಂತ ಹತ್ತಿರ ಇದೆ. ಮಧ್ಯದ ಫೋಕಸ್ ಪಾಯಿಂಟ್ ಮಾತ್ರ ಬಳಸಿ. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯದ್ದೊಂದೇ ಕ್ರಾಸ್ ಟೈಪ್, ಅಡ್ಡ ಮತ್ತು ಲಂಬ ಎರಡೂ ಗೆರೆಗಳನ್ನು ನೋಡತ್ತೆ. ಅಂಚಿನವು ಒಂದೇ ದಿಕ್ಕಿನ ಗೆರೆ ನೋಡುವಂಥವು. ಕಿಟ್ ಲೆನ್ಸ್ 55ರಲ್ಲಿ ಎಫ್/5.6 ಆಗತ್ತೆ, ಬಹಳ ಎಎಫ್ ಸೆನ್ಸರ್‌ಗಳ ಮಿತಿಯೇ ಅದು. ಅದರ ಮೇಲೆ ಫಿಲ್ಟರ್ ಏನಾದರೂ ಇದೆಯಾ? ವೇರಿಯಬಲ್ ಎನ್‌ಡಿ ಅಂದರೆ ಎರಡು ಪೋಲರೈಸರ್‌ಗಳ ಜೋಡಿ, ಬೆಳಕನ್ನು ನುಂಗತ್ತೆ. ಲೀನಿಯರ್ ಪೋಲರೈಸರ್ ಆದರಂತೂ ಡಿಎಸ್‌ಎಲ್‌ಆರ್‌ನ ಅರೆಪಾರದರ್ಶಕ ಕನ್ನಡಿಗೆ ಸರಿಹೊಂದಲ್ಲ, ಮೀಟರಿಂಗ್ ಮತ್ತು ಎಎಫ್ ಎರಡೂ ಹದ ತಪ್ಪುತ್ತವೆ. ಸರ್ಕ್ಯುಲರ್ ಅಂತ ಬರೆದಿರೋದೇ ಬೇಕು.

ಬೆಳಕುಬೇಟೆ

ಲೆನ್ಸ್ ಹಿಂಭಾಗದ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ. ಥಳಥಳ ಅನ್ನತ್ತೆ.

ತಿರುಪುಮೊಳೆ

ಥಳಥಳ ಅನ್ನೋದು ಮೇಲಿನ ಲೇಪ ಸವೆಯುವ ಸಂಭ್ರಮ. ಅದು ಬಹಳ ತೆಳು ಪದರ. ರಬ್ಬರಿನ ಪುಡಿ ಬೇರೆ ಮೌಂಟ್ ಒಳಗೆ ಬಿದ್ದು ಸೆನ್ಸರ್ ಮೇಲೆ ಕೂರತ್ತೆ. ನಾರು ಬಿಡದ ಬಟ್ಟೆಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್, ಹಗುರವಾಗಿ ಒರೆಸಿ, ಆರಲು ಬಿಟ್ಟು ಹಾಕಿ. ಬಾಡಿ ಕಡೆಯ ಪಿನ್‌ಗಳು ಸ್ಪ್ರಿಂಗ್ ಮೇಲೆ ಕೂತಿರುತ್ತವೆ, ಯಾವುದಾದರೂ ಒಳಗೇ ಸಿಕ್ಕಿಕೊಂಡಿದೆಯಾ ನೋಡಿ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಲೆನ್ಸಿಗೂ ಬಾಡಿಗೂ ಮಾತುಕತೆ ನಿಂತಿದೆ ಅಂತಲೇ ಅರ್ಥ, ಮೊದಲ ಚಿಕಿತ್ಸೆ ಇದೇ.

ಲೆನ್ಸಿನ ಮೋಟಾರ್ ಸಾಯುತ್ತಿದ್ದರೆ ಶಬ್ದದಲ್ಲಿ ಗೊತ್ತಾಗತ್ತೆ, ಕೀಚಲು ದನಿ, ಇಲ್ಲವೇ ಒಂದು ದೂರದಲ್ಲಿ ಬಂದು ತಡೆದು ನಿಲ್ಲೋದು. ಇನ್ನೊಂದು ಲೆನ್ಸ್ ಹಾಕಿದಾಗ ಎಲ್ಲ ಸರಿ ಇದ್ದರೆ ಬಾಡಿ ಸುರಕ್ಷಿತ.

ಸುಮ್ನೆಓದೋನು

ಮಧ್ಯೆ ಬಾಯಿ ಹಾಕ್ತೀನಿ. ನನ್ನ ನಿಕಾನ್ ಡಿ3500ಗೆ ಹಳೇ ಎಎಫ್-ಡಿ 50 ಮಿ.ಮೀ. ಹಾಕಿದೆ, ಆಟೋಫೋಕಸ್ ಆಗ್ತಾನೇ ಇಲ್ಲ. ಲೆನ್ಸ್ ಹಾಳಾ?

ತ್ರಿಪಾದಿ

ಹಾಳಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಎಎಫ್-ಡಿ ಲೆನ್ಸಿನಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಬೇಕು. ಅಪರ್ಚರ್ ರಿಂಗನ್ನು ಅತಿ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಿ, ಇಲ್ಲದಿದ್ದರೆ ಎಫ್‌ಇಇ ಅಂತ ತೋರಿಸಿ ಶಟರ್ ಕೂಡ ಬಿಡಲ್ಲ.

ಎರಡನೇಪರದೆ

ಇನ್ನು ಕಿವಿ-ಕಣ್ಣು. ಡಿಎಸ್‌ಎಲ್‌ಆರ್‌ನ ದೊಡ್ಡ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದರ ಮೂಲಕ ಹೋದ ಬೆಳಕು ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿಗೆ ಬಡಿದು, ಕನ್ನಡಿಪೆಟ್ಟಿಗೆಯ ತಳದಲ್ಲಿರುವ ಎಎಫ್ ಸೆನ್ಸರ್‌ಗೆ ಇಳಿಯತ್ತೆ. ಫೋಟೋ ಬೀಳೋದು ಒಂದು ಕಡೆ, ಫೋಕಸ್ ಅಳೆಯೋದು ಇನ್ನೊಂದು ಕಡೆ. ಎರಡು ದಾರಿಯ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಫೋಕಸ್ ಹಿಂದೆಯೋ ಮುಂದೆಯೋ ಬೀಳತ್ತೆ.

ಆದರೆ ಅದಕ್ಕೂ ಮೊದಲು ಒಂದು ಲೆಕ್ಕ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಬಾಡಿ, 50 ಮಿ.ಮೀ., ಎಫ್/1.8, ಒಂದು ಮೀಟರ್ ದೂರ. ಶಾರ್ಪ್ ಆಗಿ ಕಾಣುವ ಆಳ ಒಟ್ಟು ಸುಮಾರು 3 ಸೆಂ.ಮೀ. ಕಣ್ಣಿಗೆ ಫೋಕಸ್ ಲಾಕ್ ಮಾಡಿ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡಿಕೊಂಡರೂ ಸಾಕು, ಎದುರಿಗಿರುವವರು ಉಸಿರೆಳೆದು ಒಂಚೂರು ವಾಲಿದರೂ ಸಾಕು, ಕಣ್ಣು ಹೋಗತ್ತೆ. ಮನುಷ್ಯರ ಮುಖದ ಮೇಲೆ ಈ ಪರೀಕ್ಷೆ ಮಾಡಲೇಬೇಡಿ.

ಟ್ರೈಪಾಡ್ ಮೇಲೆ ಕ್ಯಾಮೆರಾ. ಎದುರಿಗೆ ನೇರವಾಗಿ ನಿಲ್ಲಿಸಿದ ಪುಸ್ತಕದ ರಟ್ಟು, ದೊಡ್ಡ ಅಕ್ಷರ ಇರಲಿ. ಅದರ ಪಕ್ಕದಲ್ಲಿ ಓರೆಯಾಗಿ ಹಿಂದಕ್ಕೆ ಚಾಚಿದ ಅಳತೆಪಟ್ಟಿ. ಫೋಕಸ್ ಮಾಡೋದು ರಟ್ಟಿಗೆ, ಓದೋದು ಪಟ್ಟಿಯನ್ನು. ಓರೆಪಟ್ಟಿಗೇ ಫೋಕಸ್ ಮಾಡಬೇಡಿ, ಎಎಫ್ ಪಾಯಿಂಟ್ ನಿಜದಲ್ಲಿ ವ್ಯೂಫೈಂಡರ್‌ನಲ್ಲಿ ಕಾಣುವ ಚೌಕಕ್ಕಿಂತ ದೊಡ್ಡದು, ಪಟ್ಟಿಯ ಯಾವ ಗೆರೆಯನ್ನು ಬೇಕಾದರೂ ಹಿಡಿದೀತು. ಎಫ್/1.8, ಬೆಳಕು ಧಾರಾಳ, ಸೆಲ್ಫ್ ಟೈಮರ್. ಪ್ರತಿ ಫೋಟೋಗೂ ಮುಂಚೆ ಲೆನ್ಸನ್ನು ಕೈಯಿಂದ ಅನಂತಕ್ಕೆ ತಿರುಗಿಸಿ ಫೋಕಸ್ ಕೆಡಿಸಿ, ಮುಂದಿನದಕ್ಕೆ ಅತಿ ಹತ್ತಿರಕ್ಕೆ. ಹೀಗೆ ವ್ಯೂಫೈಂಡರ್‌ನಿಂದ ಒಂದು ಕಂತು, ಲೈವ್ ವ್ಯೂನಿಂದ (ಹಿಂದಿನ ಸ್ಕ್ರೀನಿನಲ್ಲಿ ನೋಡಿ ತೆಗೆಯೋದು) ಒಂದು ಕಂತು.

ಲೈವ್ ವ್ಯೂ ಶಾರ್ಪ್, ವ್ಯೂಫೈಂಡರ್ ಪ್ರತಿ ಸಲ ಅಷ್ಟೇ ಹಿಂದೆ ಬಿದ್ದರೆ ಅಳತೆ ಜರುಗಿದೆ, ಸರಿಪಡಿಸಬಹುದು. ಒಮ್ಮೆ ಹಿಂದೆ ಒಮ್ಮೆ ಮುಂದೆ ಚೆಲ್ಲಾಪಿಲ್ಲಿ ಬಿದ್ದರೆ ಯಾವ ಅಡ್ಜಸ್ಟ್‌ಮೆಂಟೂ ಉಪಯೋಗಕ್ಕಿಲ್ಲ. ಎರಡೂ ಮಂಕಾದರೆ ಲೆನ್ಸನ್ನೇ ಅನುಮಾನಿಸಿ.

ಮಸುಕುಚಿತ್ರ

ಮಾಡಿದೆ. ಲೈವ್ ವ್ಯೂ ಅದ್ಭುತ. ವ್ಯೂಫೈಂಡರ್‌ನಲ್ಲಿ 50 ಪ್ರತಿ ಸಲವೂ ರಟ್ಟಿನ ಹಿಂದೆ, ಹೆಚ್ಚುಕಡಿಮೆ ಒಂದೇ ದೂರ. ಕಿಟ್ ಲೆನ್ಸ್ ಎರಡರಲ್ಲೂ ಸರಿ. ಮಧ್ಯದ ಪಾಯಿಂಟ್‌ಗೆ ಬಂದ ಮೇಲೆ ಅದರ ಹುಡುಕಾಟವೂ ಬಹಳ ಕಡಿಮೆಯಾಗಿದೆ. ನನ್ನ ಮಾಡೆಲ್‌ನ ಮೆನುವಿನಲ್ಲಿ ಫೋಕಸ್ ಅಳತೆ ತಿದ್ದುವ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್ ಎಲ್ಲೂ ಕಾಣಿಸಲಿಲ್ಲ.

ತ್ರಿಪಾದಿ

ಆರಂಭಿಕ ದರ್ಜೆಯಲ್ಲಿ ಅದನ್ನು ಕೊಡಲ್ಲ, ಜಿಪುಣತನ. ಮೇಲಿನವುಗಳಲ್ಲಿ ಪ್ರತಿ ಲೆನ್ಸಿಗೂ -20ರಿಂದ +20ರ ತನಕ ಹೊಂದಿಸಬಹುದು, 2016ರ ನಿಕಾನ್ ಡಿ5, ಡಿ500ರಲ್ಲಂತೂ ಲೈವ್ ವ್ಯೂ ಜೊತೆ ಹೋಲಿಸಿ ಕ್ಯಾಮೆರಾವೇ ಹೊಂದಿಸಿಕೊಳ್ಳತ್ತೆ. ಸಿಗ್ಮಾದ ಕೆಲವು ಲೆನ್ಸ್‌ಗಳಿಗೆ ಯುಎಸ್‌ಬಿ ಡಾಕ್ ಇದೆ, ಲೆನ್ಸಿನಲ್ಲೇ ತಿದ್ದಬಹುದು. ನಿಮಗೆ ಇರುವ ದಾರಿ ಬಾಡಿ ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಸರ್ವಿಸ್‌ಗೆ ಕೊಡೋದು. ಅಲ್ಲಿಯತನಕ 50ರಲ್ಲಿ ಲೈವ್ ವ್ಯೂ ಬಳಸಿ.

ತಿರುಪುಮೊಳೆ

ಕೊಡುವಾಗ ಚೀಟಿಯಲ್ಲಿ "ಶಟರ್ ಸಮಸ್ಯೆ" ಅಂತ ಬರೆಯಬೇಡಿ, ಬರೆದದ್ದನ್ನೇ ಅವರು ಮಾಡ್ತಾರೆ. ಹೀಗೆ ಬರೆಯಿರಿ: ಬಟನ್‌ನ ಎರಡನೇ ಹಂತ ತಪ್ಪುತ್ತದೆ, ಆ್ಯಪ್‌ನಿಂದ ತಪ್ಪುವುದಿಲ್ಲ, ಬಿಸಿಲಲ್ಲಿ 1/4000ರ ತನಕ ಎಕ್ಸ್‌ಪೋಷರ್ ಸಮ, 50 ಮಿ.ಮೀ. ವ್ಯೂಫೈಂಡರ್‌ನಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಪರೀಕ್ಷೆಯ ಫೋಟೋಗಳನ್ನು ಎಡಿಟ್ ಮಾಡದೆ ಕಾರ್ಡಿನಲ್ಲೋ ಪೆನ್‌ಡ್ರೈವ್‌ನಲ್ಲೋ ಜೊತೆಗಿಡಿ. ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಕಳಚಿದ ಹಳೇ ಬಿಡಿಭಾಗ ವಾಪಸ್ ಕೊಡಿ ಅಂತ ಮುಂಚೆಯೇ ಹೇಳಿ.

ಮಸುಕುಚಿತ್ರ

ಬೇರೆಯವರ ಹತ್ತಿರ ಕೊಟ್ಟಿದ್ದೆ, ವಾಪಸ್ ಬಂತು. ಬಟನ್ ಸ್ವಿಚ್ ಮಾತ್ರ ಬದಲಾಯಿಸಿದ್ದಾರೆ, ಹಳೆಯದನ್ನು ಕವರಿನಲ್ಲಿ ಹಾಕಿ ಕೊಟ್ಟರು. ಲೋಹದ ಎಲೆಯ ಒಂದು ಪಕ್ಕ ಕಪ್ಪಗಾಗಿತ್ತು. ಶಟರ್ ಮುಟ್ಟಿಲ್ಲ. 50ರ ಫೋಕಸ್ ಒಂದು ಮೀಟರ್‌ನಲ್ಲಿ ಈಗ ಕರಾರುವಾಕ್ಕು. ಆದರೆ ಅದೇ ದೂರದಲ್ಲಿ ಎಫ್/2.8ಕ್ಕೆ ಹೋದರೆ ಮತ್ತೆ ಒಂಚೂರು ಹಿಂದೆ ಜಾರಿದ ಹಾಗೆ ಕಾಣತ್ತೆ. ಲೈವ್ ವ್ಯೂನಲ್ಲೂ. ಇದೇನು?

ಎರಡನೇಪರದೆ

ಅದು ಫೋಕಸ್ ಶಿಫ್ಟ್. ಲೆನ್ಸಿನ ಅಂಚಿನಿಂದ ಬರುವ ಕಿರಣಗಳೂ ನಡುವಿನಿಂದ ಬರುವವೂ ಒಂದೇ ಬಿಂದುವಿನಲ್ಲಿ ಸೇರಲ್ಲ. ಕ್ಯಾಮೆರಾ ಫೋಕಸ್ ಮಾಡೋದು ಅಪರ್ಚರ್ ಪೂರ್ತಿ ತೆರೆದಿರುವಾಗ, ಫೋಟೋ ತೆಗೆಯೋದು ಎಫ್/2.8ಕ್ಕೆ ಕಿರಿದಾದ ಮೇಲೆ. ಅಂಚಿನ ಕಿರಣ ಕಳೆದುಹೋಗಿ ಫೋಕಸ್ ಜಾಗ ಸರಿಯತ್ತೆ. ದೊಡ್ಡ ಅಪರ್ಚರ್‌ನ ಎಷ್ಟೋ 50ಗಳಲ್ಲಿ ಇದು ಇದ್ದದ್ದೇ, ಸರ್ವಿಸ್‌ನಲ್ಲಿ ಹೋಗಲ್ಲ. ಎಫ್/4 ದಾಟಿದರೆ ಆಳ ಹೆಚ್ಚಾಗಿ ಗೊತ್ತೇ ಆಗಲ್ಲ. ನಡುವಿನ ಅಪರ್ಚರ್‌ಗಳಲ್ಲಿ ಹತ್ತಿರದ ವಸ್ತು ತೆಗೆಯುವಾಗ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಇದ್ದರೆ ಒತ್ತಿ ಹಿಡಿದು, ಲೈವ್ ವ್ಯೂನಲ್ಲಿ ದೊಡ್ಡದು ಮಾಡಿಕೊಂಡು ಕೈಯಲ್ಲೇ ಫೋಕಸ್ ಮಾಡಿ.